ತೊಂಬತ್ತೆರಡು ಸೆಂಟಿಮೀಟರ್

ಈ ನಲವತ್ತು ಮೇಜುಗಳನ್ನು ಬೆಸೆದವನು ನಾನೇ.
ಸ್ಟೀಲಿನ ಕಾಲು, ಸ್ಟೀಲಿನ ಹಲಗೆ,
ಅಂಚಿಗೆ ನೀರು ಹರಿಯಲೊಂದು ತೋಡು.
ಎತ್ತರ ತೊಂಬತ್ತೆರಡು ಸೆಂಟಿಮೀಟರ್.
ಕಾಗದದಲ್ಲಿ ಹಾಗಿತ್ತು; ಕಾಗದ ಸಾಂತಿಯಾಗೋದಿಂದ ಬಂದಿತ್ತು,
ಅಲ್ಲಿಗೆ ಇನ್ನೆಲ್ಲಿಂದಲೋ.
ಕೂದಲೆಳೆಯಷ್ಟೂ ಆಚೀಚೆ ಇಲ್ಲ, ನೋಡಿ
ಎಂದು ಮೀಸೆ ತಿರುವಿದ್ದೆ.

ಚಿಲೋಯೆ ದ್ವೀಪದ ಈ ಕಾರ್ಖಾನೆಯಲ್ಲಿ
ಬೆಂದ ಪಚ್ಚಿಲೆ ಹಬೆಯಾಡುತ್ತ ಬರುತ್ತದೆ ಬೆಲ್ಟಿನ ಮೇಲೆ.
ಹೆಂಗಸರು ಚಿಪ್ಪಿನಿಂದ ಮಾಂಸ ಬಿಡಿಸುತ್ತಾರೆ,
ನಿಮಿಷಕ್ಕೆ ಇಪ್ಪತ್ತಾರು ಸಲ.
ನಾನೇ ಎಣಿಸಿದ್ದೇನೆ, ಆಮೇಲೆ,
ಎಣಿಸಬೇಕೆಂದು ಗೊತ್ತಾದ ಮೇಲೆ.

ಓತಿಲಿಯಾ ನಾವೆಲ್ಕಿನ್ ಗಿಡ್ಡಿ. ಮೇಜು ಅವಳಿಗೆ ಎದೆಮಟ್ಟ.
ಎರಡೂ ಭುಜ ಕಿವಿಗಂಟಿಸಿಕೊಂಡು ಎಂಟು ಗಂಟೆ,
ಚಳಿಗೆ ಮುದುಡಿದ ಹಕ್ಕಿಯ ಹಾಗೆ.
ಪಕ್ಕದಲ್ಲಿ ನನ್ನ ಹೆಂಡತಿ ಎದೆಲ್ಮಿರಾ, ಉದ್ದನೆಯ ಆಳು,
ಸೊಂಟದಲ್ಲಿ ಮಡಿಚಿಟ್ಟ ಚಾಕು.
ಒಬ್ಬಳಿಗೆ ಅಟ್ಟ, ಒಬ್ಬಳಿಗೆ ಹೊಂಡ,
ನನ್ನ ಮೇಜು ಮಾತ್ರ ರಸಮಟ್ಟಕ್ಕೆ ಸರಿಯಾಗಿ ಸಮ.

ಒಂದು ರಾತ್ರಿ ಕೆಟಲ್ ಎತ್ತಲು ಹೋದಳು,
ಬೆರಳು ಹಿಡಿಯಲಿಲ್ಲ.
ನೀರು ಒಲೆಯ ಮೇಲೆ ಬುಸ್ಸೆಂದಿತು.
‘ಈ ಹೊತ್ತಿಗೆ ಕೈ ನನ್ನದಲ್ಲ’ ಅಂದಳು, ನಗುತ್ತಲೇ.

ಕುಣಿಯಲಾರದವಳು ನೆಲ ಡೊಂಕೆಂದಳಂತೆ.
ಗಾದೆ ಹೇಳಿ ನಗುವವರು
ಒಮ್ಮೆ ಬಗ್ಗಿ ನೆಲವನ್ನೂ ನೋಡಲಿ.

ಕೊನ್ಸೆಪ್ಸಿಯೋನಿನಿಂದ ಒಬ್ಬ ಹುಡುಗಿ ಬಂದಳು,
ಯೆಸ್ಸೆನಿಯಾ, ಕೊರಳಲ್ಲಿ ದರ್ಜಿಯ ಟೇಪು.
ಮೇಜನ್ನು ಅಳೆಯಲೇ ಇಲ್ಲ.
ನೆಲದಿಂದ ಮೊಳಕೈವರೆಗೆ ಅಳೆದಳು,
ಒಬ್ಬೊಬ್ಬಳನ್ನೂ, ಬೂಟು ಸಮೇತ.
ಕೆಲಸ ಮೊಳಕೈಗಿಂತ ತುಸು ಕೆಳಗಿರಲಿ ಅಂದಳು,
ಅಷ್ಟಕ್ಕೆ ಭುಜ ಇಳಿಯುತ್ತದೆ.
ನಲವತ್ತು ಹೆಂಗಸರು, ನಲವತ್ತು ಅಂಕಿ.
ತೊಂಬತ್ತೆರಡು ಯಾರದು?
ಸಾಲಿನುದ್ದಕ್ಕೂ ಹುಡುಕಿದೆವು. ಆ ಸರಾಸರಿ ಹೆಂಗಸು
ಹಾಜರಿ ಪುಸ್ತಕದಲ್ಲಿರಲಿಲ್ಲ,
ಒಂದು ದಿನವೂ ಕೆಲಸಕ್ಕೆ ಬಂದವಳಲ್ಲ,
ಇಡೀ ಕಾರ್ಖಾನೆ ಕಟ್ಟಿದ್ದು ಅವಳಿಗೆಂದೇ.

ನನ್ನಜ್ಜ ದೋಣಿ ಕಟ್ಟುತ್ತಿದ್ದ.
ಹುಟ್ಟು ಎಷ್ಟುದ್ದ ಅಂದರೆ
ಹಾಕುವವರು ಯಾರು ಎಂದು ತಿರುಗಿ ಕೇಳುತ್ತಿದ್ದ,
ತೋಳು ಚಾಚಿಸುತ್ತಿದ್ದ.
ಗೇಣು, ಮೊಳ, ಮಾರು:
ಅವನ ಅಳತೆಗೋಲಿನಲ್ಲಿ ರಕ್ತ ಹರಿಯುತ್ತಿತ್ತು.

ಇನ್ನೊಂದನ್ನು ಹೇಳಬೇಕು, ಹೇಳಲು ಮನಸ್ಸಿಲ್ಲ.
ಹಬೆಯ ಹಿಡಿ, ಬೆಲ್ಟಿನ ಹಿಡಿ,
ಎರಡೂ ಕಪ್ಪು, ಪಕ್ಕಪಕ್ಕ, ಒಂದೇ ಅಂಗಡಿಯ ಮಾಲು.
ಮುಂಜಾನೆ ನಾಲ್ಕು, ಪಾಳಿಯ ಹತ್ತನೆಯ ಗಂಟೆ,
ಕನ್ನಡಕದ ತುಂಬ ಮಂಜು,
ಎಲಾದಿಯೊ ಮಿಯಾಕುರ ಒಂದರ ಬದಲು ಇನ್ನೊಂದನ್ನು ಎಳೆದ.
ವರದಿಯಲ್ಲಿ ಒಂದೇ ಪದ: ನಿರ್ಲಕ್ಷ್ಯ.
ಮುಂಗೈ ತೊಗಲು ಇನ್ನೂ ಮೇಣದ ಹಾಗೆ ಹೊಳೆಯುತ್ತದೆ.
ಅವಳಿ ಮಕ್ಕಳಿಗೆ ಒಂದೇ ಅಂಗಿ ತೊಡಿಸಿ
ಕತ್ತಲಲ್ಲಿ ಗುರುತು ಹಿಡಿ ಅಂದವರು ಯಾರು?
ಬೋಲ್ಟು ಬಿಗಿದವನು ನಾನು.

ಈಗ ಹಬೆಯ ಹಿಡಿಗೆ ಏಣೇಣಿನ ಚಿಪ್ಪೊಂದನ್ನು
ತಂತಿ ಸುತ್ತಿ ಕೂರಿಸಿದ್ದೇನೆ.
ಕಣ್ಣು ಸೋತರೂ ಅಂಗೈ ಓದಿಕೊಳ್ಳುತ್ತದೆ.

ಮೇಜಿನ ಕಾಲು ಕತ್ತರಿಸಿದೆ. ಕೊಳವೆಯೊಳಗೊಂದು ಕೊಳವೆ,
ಸಾಲು ತೂತು, ಒಂದು ಪಿನ್ನು.
ಪಾಳಿ ಬದಲಾದಾಗ ಏರುತ್ತದೆ, ಇಳಿಯುತ್ತದೆ.
ಮ್ಯಾನೇಜರ್ ಗಡಿಯಾರ ನೋಡುತ್ತಾನೆ: ನಾಲ್ಕು ನಿಮಿಷ ನಷ್ಟ.
ಎದೆಲ್ಮಿರಾಳ ಬೆರಳುಗಳು ಯಾವ ಖಾತೆಗೆ
ಎಂದು ಕೇಳಬೇಕೆಂದಿದ್ದೆ.
ಕೇಳಲಿಲ್ಲ.

ಹತ್ತೊಂಬತ್ತು ಆಗಿವೆ; ಉಳಿದವಕ್ಕೆ ಸ್ಟೀಲು ಬಂದಿಲ್ಲ.
ಓತಿಲಿಯಾಳದ್ದು ಇಪ್ಪತ್ತೆಂಟನೆಯದು.
ಮೀನಿನ ಪೆಟ್ಟಿಗೆ ಮಗುಚಿ ಅದರ ಮೇಲೆ ನಿಲ್ಲುತ್ತಾಳೆ,
ಒದ್ದೆ ನೆಲದಲ್ಲಿ ಅದು ಜಾರುತ್ತದೆ.
ನಿನ್ನೆ ಅದರಡಿಗೆ ಹಳೆಯ ಟೈರು ಕತ್ತರಿಸಿ ಮೊಳೆ ಹೊಡೆದೆ.

ಇದನ್ನು ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.
ಮೇಜು ತಗ್ಗು, ದೀಪ ಬೆನ್ನಹಿಂದೆ,
ಅಕ್ಷರದ ಮೇಲೆ ನನ್ನದೇ ನೆರಳು.
ಎದೆಲ್ಮಿರಾ ಹಾದುಹೋಗುತ್ತ
ಎರಡು ಬೆರಳಿಂದ ನನ್ನ ಗದ್ದ ಎತ್ತುತ್ತಾಳೆ.
‘ಕುತ್ತಿಗೆ’ ಅನ್ನುತ್ತಾಳೆ.